ಹನ್ನೆರಡು ಕಥಾಪಾಠಗಳಿಗೆ ನಿಮ್ಮ ನೆರವು ಬೇಕು

ಮಾನ್ಯರೇ,

ನಾಲ್ಕರಿಂದ ಏಳನೇ ತರಗತಿಯ ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಈ ವರ್ಷ ಕನ್ನಡದಲ್ಲಿ 12 ಕಥಾಪಾಠಗಳನ್ನು ಸಿದ್ಧಪಡಿಸುತ್ತಿದೆ. ಇವನ್ನು ಯಾರು ಬೇಕಾದರೂ ಜೆರಾಕ್ಸ್ ಮಾಡಿಸಬಹುದು, ತಿದ್ದಬಹುದು, ತಮ್ಮ ಊರಿನ ಮಾತಿಗೆ ಒಗ್ಗಿಸಿಕೊಂಡು ಹಂಚಬಹುದು. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎನ್ನುವುದು ಇದಕ್ಕೇ. ಬೇಕಿರುವ ಹಣ 2,16,000 ರೂಪಾಯಿ.

ಪುಕ್ಕಟೆ ಪಾಠಗಳಿಗೆ ಈಗ ಬರವಿಲ್ಲ. ಮಗು ತಾನಾಗಿ ಮುಂದಿನ ಪುಟ ತಿರುಗಿಸುವಂಥ ಪಾಠಗಳಿಗೆ ಬರವಿದೆ. ಕಥೆಯ ಹೆಸರಿನಲ್ಲಿ ಬರುವ ಬಹಳಷ್ಟು ಪಾಠಗಳಲ್ಲಿ ಅಜ್ಜ ಹೇಳುತ್ತಾನೆ, ಮೊಮ್ಮಗ ಕೇಳುತ್ತಾನೆ. ಅದು ಉಪನ್ಯಾಸವೇ, ಉಟ್ಟ ಬಟ್ಟೆ ಮಾತ್ರ ಬೇರೆ. ನಮ್ಮಲ್ಲಿ ಒಂದು ಪರೀಕ್ಷೆಯಿದೆ: ಪಾಠದ ವಿಷಯವನ್ನು ತೆಗೆದುಹಾಕಿದ ಮೇಲೂ ಕಥೆ ನಿಂತರೆ ಆ ಕರಡು ವಾಪಸ್ಸು. ಕಥೆಯಲ್ಲಿ ಬಿಡಿಸಬೇಕಾದ ಗಂಟೇ ಪಾಠದ ಗಂಟಾಗಿರಬೇಕು.

ಬೆಂಗಳೂರಿನ ನೀರಿನ ಪಾಠವನ್ನೇ ನೋಡಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಹಾರೋಹಳ್ಳಿ, ತಾತಗುಣಿಯ ಪಂಪುಮನೆಗಳನ್ನು ದಾಟಿಸಿ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೆತ್ತಬೇಕು. ಹೀಗೆ ಬರೆದರೆ ಮಗು ಬಾಯಿಪಾಠ ಮಾಡುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಕಥೆಯಲ್ಲಿ ವಠಾರದ ನಲ್ಲಿ ಬೆಳಿಗ್ಗೆ ನಿಂತುಹೋಗಿದೆ. ವಠಾರದಲ್ಲಿ ಕರೆಂಟ್ ಇದೆ, ಹೊಳೆ ತುಂಬಿ ಹರಿಯುತ್ತಿದೆ, ಪೈಪ್ ಒಡೆದಿಲ್ಲ. ಹಾಗಾದರೆ ನೀರೆಲ್ಲಿ? ಹುಡುಗಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ, ಎಲ್ಲೋ ದೂರದ ಪಂಪು ನಿಂತಿರುವುದನ್ನು ಕಂಡುಕೊಳ್ಳುತ್ತಾಳೆ. ನಡುವೆ ಹತ್ತು ಲೀಟರಿನ ಬಿಂದಿಗೆ ಹೊತ್ತು ಮಹಡಿ ಹತ್ತುತ್ತಾಳೆ, ಪ್ರತಿ ಮಹಡಿಗೂ ನಿಂತು ಉಸಿರು ಎಣಿಸುತ್ತಾಳೆ. ನೀರು ತಾನಾಗಿ ಮೇಲೇರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇದೇ ಪಾಠ ಧಾರವಾಡದ ಮೇಷ್ಟರ ಕೈಗೆ ಹೋದಾಗ ಕಾವೇರಿ ಇರುವಲ್ಲಿ ಮಲಪ್ರಭೆ ಬರಬೇಕು, ಮಾತೂ ಅಲ್ಲಿಯದಾಗಬೇಕು. ಬದಲಾಯಿಸಬಾರದು ಎಂಬ ಷರತ್ತಿನ ಪರವಾನಗಿ ಇದಕ್ಕೆ ಅಡ್ಡ ಬರುತ್ತದೆ. ಅದಕ್ಕಾಗಿ ನಾವು ಆರಿಸಿಕೊಂಡಿರುವುದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿಸಿ ಬೈ 4.0 ಪರವಾನಗಿ: ಮೂಲದವರ ಹೆಸರು ಹಾಕಿ, ಪರವಾನಗಿಯ ಕೊಂಡಿ ಕೊಟ್ಟು, ಏನು ಬದಲಿಸಿದ್ದೀರೆಂದು ತಿಳಿಸಿದರೆ ಸಾಕು. ಪಿಡಿಎಫ್ ಮಾತ್ರ ಕೊಟ್ಟು 'ತಿದ್ದಿಕೊಳ್ಳಿ' ಎನ್ನುವುದು ಎಲೆ ಹಾಕಿ ಕೈ ಕಟ್ಟಿದ ಹಾಗೆ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಬೆರಳಚ್ಚಾದ ಮೂಲ ಕಡತವನ್ನೂ ಕೊಡುತ್ತೇವೆ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಹಣ ಹೆಚ್ಚು ಹೋಗುವುದು ಚಿತ್ರಗಳಿಗೆ. ಗೂಗಲ್‌ನಲ್ಲಿ ಸಿಕ್ಕಿದ ಒಂದೇ ಒಂದು ಚಿತ್ರ ಅನುಮತಿಯಿಲ್ಲದೆ ಒಳಗೆ ಬಂದರೂ ಇಡೀ ಪಾಠವನ್ನು ಮುಕ್ತವಾಗಿ ಹಂಚಲು ಬರುವುದಿಲ್ಲ. ಕಲಾವಿದರ ಜೊತೆ ಕರಾರು ಬಾಯಿಮಾತಿನದಾಗಬಾರದು, ಬರಹದಲ್ಲಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಚಿತ್ರ ಬಳಸುವ ಹಕ್ಕು 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ. ಹಾಗಾಗಿ ಇವೆರಡನ್ನೂ ಬರೆದು, ಸಹಿ ಆದ ಮೇಲೆಯೇ ಚಿತ್ರ ಶುರು. ಚಿತ್ರಗಳೂ ಗೆರೆಚಿತ್ರಗಳೇ ಆಗಿರಬೇಕು. ಶಾಲೆಯ ಕಪ್ಪುಬಿಳುಪು ಪ್ರಿಂಟರಿನಲ್ಲಿ ಬಣ್ಣದ ಚಿತ್ರ ಮಸಿ ಬಳಿದಂತೆ ಬರುತ್ತದೆ.

ಪ್ರತಿ ಪಾಠ 16 ಪುಟ. ಎರಡೂ ಬದಿ ಅಚ್ಚು ಹಾಕಿದ ನಾಲ್ಕು ಎ4 ಹಾಳೆ ಮಡಚಿ, ನಡುವೆ ಎರಡು ಪಿನ್ ಹೊಡೆದರೆ ಪುಸ್ತಕ ತಯಾರು. ಜೊತೆಗೆ ಐದಾರು ನಿಮಿಷದ ಧ್ವನಿಮುದ್ರಣ. ಫ್ಯಾನ್ ಆರಿಸಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಗೆ ಹಿಡಿದು, ವಾಹನಗಳ ಹಾರನ್ ಸದ್ದು ಶುರುವಾಗುವ ಮೊದಲು ನಸುಕಿನಲ್ಲೇ ಓದಿಸಬೇಕು.

ಹಂಚುವುದಕ್ಕೂ ಕಥೆಯೇ ಬೇಕು. 'ಪಾಠ 7, ಹೊಸ ಆವೃತ್ತಿ' ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರೂ ತೆರೆಯುವುದಿಲ್ಲ. 'ಹೊಳೆ ತುಂಬಿದೆ, ನಲ್ಲಿ ಒಣಗಿದೆ, ಯಾಕೆ?' ಎಂಬ ಒಂದು ಸಾಲು, ಅರ್ಧ ನಿಮಿಷದ ಧ್ವನಿ, ಯಾವ ತರಗತಿಗೆ ಎಷ್ಟು ಪೀರಿಯಡ್ ಬೇಕು ಎಂಬ ವಿವರ ಜೊತೆಗಿರಬೇಕು. ಪುಟಗಳನ್ನು ಫೋಟೋ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಒಂದು ಪಾಠದ ಖರ್ಚು 18,000 ರೂಪಾಯಿ: 12 ಗೆರೆಚಿತ್ರಕ್ಕೆ ತಲಾ 800ರಂತೆ 9,600, ಸಂಪಾದನೆ ಮತ್ತು ವಿಷಯ ಪರಿಶೀಲನೆಗೆ 5,000, ಧ್ವನಿಗೆ 2,400, ಎರಡು ಶಾಲೆಗಳಲ್ಲಿ ಓದಿಸಿ ನೋಡಲು 80 ಪ್ರತಿಗೆ 640, ಓಡಾಟಕ್ಕೆ 360. ಓದಿಸಿ ನೋಡುವ ಹಂತವನ್ನು ಮಾತ್ರ ದಯವಿಟ್ಟು ಸಣ್ಣದೆಂದು ಎಣಿಸಬೇಡಿ. ಮಕ್ಕಳು ಯಾವ ಪುಟದಲ್ಲಿ ಕಿಟಕಿಯ ಕಡೆ ನೋಡಿದರು ಎಂದು ಗುರುತು ಹಾಕಿಕೊಂಡು, ಆ ಪುಟವನ್ನೇ ಮತ್ತೆ ಬರೆಯುತ್ತೇವೆ.

800 ರೂಪಾಯಿ ಕೊಟ್ಟರೆ ಒಂದು ಚಿತ್ರ, 320 ಕೊಟ್ಟರೆ 40 ಮಕ್ಕಳ ತರಗತಿಗೆ ತಲಾ ಒಂದು ಪುಸ್ತಕ. ಚೆಕ್ ಅಥವಾ ಯುಪಿಐ ಮೂಲಕ ಕೊಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಖಾತೆಯ ವಿವರ ಈ ಮನವಿಯ ಜೊತೆಗಿರುವ ಹಾಳೆಯಲ್ಲಿದೆ. ಹಣ ಕೊಡಲಾಗದವರು ಬೆಳಗಿನ ಹೊತ್ತು ಒಂದು ತಾಸು ಕೊಟ್ಟು ಧ್ವನಿಮುದ್ರಣಕ್ಕೆ ಕಥೆ ಓದಿ ಕೊಡಬಹುದು. ಕಲಬುರಗಿ, ಮಂಗಳೂರು, ಚಾಮರಾಜನಗರದ ಕನ್ನಡ ಮಾತಾಡುವವರು ಬೆಂಗಳೂರಿನಲ್ಲೇ ಇದ್ದರೆ ಮೊದಲು ಅವರನ್ನೇ ಕರೆಯುತ್ತೇವೆ.

ವಂದನೆಗಳೊಂದಿಗೆ,
ಟ್ರಸ್ಟಿಗಳು, ಬೆಂಗಳೂರು