ಶಾಸಕರೇ, ಕಾಮಗಾರಿ ಪಟ್ಟಿ ಕಳಿಸುವ ಮೊದಲು ನಮ್ಮೂರನ್ನೊಮ್ಮೆ ಕೇಳಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯ ಈ ವರ್ಷದ ಕಾಮಗಾರಿ ಪಟ್ಟಿ ತಯಾರಾಗುತ್ತಿದೆ ಎಂದು ಊರಲ್ಲಿ ಮಾತಿದೆ. ಪಟ್ಟಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ ಮಂಜೂರಾದ ಮೇಲೆ ಬದಲಿಸುವುದು ಎಷ್ಟು ಕಷ್ಟ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದು ಏಕೆಂದರೆ, ಇದನ್ನು ಊರಿನವರೂ ಓದಬೇಕು, ನಿಮ್ಮ ಉತ್ತರ ಅವರಿಗೂ ಸಿಗಬೇಕು.

ನಮ್ಮೂರು ಮೊದಲು ಗ್ರಾಮ ಪಂಚಾಯಿತಿಯಾಗಿತ್ತು. ಜನಸಂಖ್ಯೆ 10,000 ದಾಟಿತು, ಪಟ್ಟಣ ಪಂಚಾಯಿತಿ ಆಯಿತು. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆದು ಸಿಹಿ ಹಂಚಿದರು. ಆದರೆ ಅದರ ಜೊತೆ ಎರಡು ಸವಲತ್ತುಗಳು ನಮ್ಮ ಕೈಬಿಟ್ಟು ಹೋದವು. ಒಂದು ನರೇಗಾ ಕೂಲಿ. ಅದು ಹಳ್ಳಿಗಳಿಗೆ ಮಾತ್ರ ಇದ್ದ ಯೋಜನೆ, ಹಾಗಾಗಿ ನಮ್ಮಲ್ಲಿ ನಿಂತಿತು. ಇನ್ನೊಂದು ಗ್ರಾಮಸಭೆ. ಗ್ರಾಮಸಭೆ ಏನು ಮಹಾ ನಡೆಯುತ್ತಿತ್ತು ಎಂದು ಯಾರಾದರೂ ಕೇಳಬಹುದು. ಗಲಾಟೆ ಆಗುತ್ತಿತ್ತು, ನಿಜ. ಆದರೂ ಕೊನೇ ಬೀದಿಯ ಹೆಂಗಸೊಬ್ಬಳು ಎದ್ದು ನಿಂತು "ನಮ್ಮ ಕಡೆ ನಲ್ಲಿ ಯಾಕೆ ಹಾಕಿಲ್ಲ" ಎಂದು ಕೇಳಬಹುದಿತ್ತು. ಈಗ ಹಾಗೆ ಕೇಳುವ ಜಾಗವೇ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ನಗರಗಳಿಗೆ. ಹಳ್ಳಿಗೆ ಗ್ರಾಮಸಭೆ ಇದೆ, ದೊಡ್ಡ ನಗರಕ್ಕೆ ವಾರ್ಡ್ ಸಮಿತಿ ಇದೆ. ನಡುವೆ ಇರುವ ನಮ್ಮಂಥ ಊರಿಗೆ ಎರಡೂ ಇಲ್ಲ.

ಯಾರನ್ನೂ ಕೇಳದೆ ಹಣ ಖರ್ಚಾದರೆ ಏನಾಗುತ್ತದೆ ಎನ್ನುವುದು ಊರೊಳಗೆ ನಡೆದು ಬಂದರೆ ಕಾಣುತ್ತದೆ. ಸ್ವಾಗತ ಕಮಾನು ಬಂದಿದೆ. ಹೈಮಾಸ್ಟ್ ದೀಪ ಬಂದಿದೆ. ಬಸ್ಸೇ ನಿಲ್ಲದ ಜಾಗದಲ್ಲಿ ಬಸ್ ತಂಗುದಾಣ ಬಂದಿದೆ. ಶುದ್ಧ ನೀರಿನ ಘಟಕಕ್ಕೆ ಫಿಲ್ಟರ್ ಬದಲಿಸುವವರಿಲ್ಲದೆ ಬಾಗಿಲು ಹಾಕಿದೆ. ಇವುಗಳಿಗಿಂತ ನನಗೆ ಜಾಸ್ತಿ ಬೇಸರ ತರಿಸುವುದು ನಮ್ಮ ಸಿಸಿ ರಸ್ತೆಗಳು. ಹಳೇ ರಸ್ತೆಯನ್ನು ಅಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕುತ್ತಾ ಬಂದರು. ಒಂದೊಂದು ಸಲವೂ ರಸ್ತೆ ಏರಿತು, ಮನೆಗಳು ಅಲ್ಲೇ ಉಳಿದವು. ಈಗ ಕೆಳಗಿನ ಬೀದಿಯಲ್ಲಿ ರಸ್ತೆಯಿಂದ ಮನೆಯೊಳಕ್ಕೆ ಮೆಟ್ಟಿಲು ಇಳಿಯಬೇಕು. ಜೋರು ಮಳೆ ಬಂದ ರಾತ್ರಿ ಅಲ್ಲಿಯವರು ಮಲಗುವುದಿಲ್ಲ, ಹೊಸ್ತಿಲಿಗೆ ಮರಳಿನ ಚೀಲ ಇಟ್ಟು ಕಾಯುತ್ತಾರೆ.

ಚರಂಡಿಯದ್ದೂ ಇದೇ ಕತೆ. ಒಂದು ವರ್ಷ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆವರೆಗೆ ಒಂದು ತುಂಡು, ಮುಂದಿನ ವರ್ಷ ಬೇರೆ ಬೀದಿಯಲ್ಲಿ ಇನ್ನೊಂದು ತುಂಡು. ಪ್ರತಿ ತುಂಡಿಗೂ ಗುದ್ದಲಿ ಪೂಜೆ ಆಗಿದೆ, ಬಿಲ್ಲೂ ಆಗಿದೆ. ಆದರೆ ಒಂದು ತುಂಡು ಇನ್ನೊಂದಕ್ಕೆ ಸೇರುವುದಿಲ್ಲ. ಎಲ್ಲ ನೀರೂ ಕಡೆಗೆ ಬಂದು ಬೀಳುವುದು ಕೆರೆಗೆ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಕ್ಷೇತ್ರದಲ್ಲಿ ಅಷ್ಟೊಂದು ಹಳ್ಳಿಗಳಿವೆ, ಪ್ರತಿ ಹಳ್ಳಿಯವರೂ ಬಂದು ಕೇಳುತ್ತಾರೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾರ ಕೆಲಸವೂ ಪೂರ್ತಿ ಆಗುವುದಿಲ್ಲ. ಅದಕ್ಕೇ ನನ್ನ ಕೋರಿಕೆ ಇಷ್ಟು: ನಮ್ಮೂರಿಗೆ ನೀವು ಕೊಡುವ ಹಣ ಎಷ್ಟೇ ಇರಲಿ, ಅದನ್ನು ಒಂದೇ ಕೆಲಸಕ್ಕೆ ಹಾಕಿ. ಬೇರೆ ಅನುದಾನಗಳನ್ನೂ ಅದರ ಜೊತೆ ಸೇರಿಸಿ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ನೂರಕ್ಕೆ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಸಂಸದರಿಗೆ ವರ್ಷಕ್ಕೆ 5 ಕೋಟಿ ಇದೆ. ಪಟ್ಟಣ ಪಂಚಾಯಿತಿಯಲ್ಲಿ ಪರಿಶಿಷ್ಟರಿಗೆಂದು ಶೇ. 24.10, ಅಂಗವಿಕಲರಿಗೆಂದು ಶೇ. 5 ತೆಗೆದಿಡುತ್ತಾರೆ. ನೀವು ಕರೆದು ಕೂರಿಸಿದರೆ ಈ ಎಲ್ಲ ಕಡತಗಳೂ ಒಂದೇ ಮೇಜಿನ ಮೇಲೆ ಬರುತ್ತವೆ. ಆ ಶಕ್ತಿ ಇರುವುದು ನಿಮಗೆ ಮಾತ್ರ.

ಯಾವ ಕೆಲಸ ಎಂದು ಕೇಳಿದರೆ, ನಾನು ಹೇಳುವುದು ಕೊಳಚೆಯದ್ದು. ನಮ್ಮಲ್ಲಿ ಒಳಚರಂಡಿ ಇಲ್ಲ, ಸದ್ಯಕ್ಕೆ ಬರುವಂತೆಯೂ ಕಾಣುವುದಿಲ್ಲ. ಮನೆಮನೆಗೂ ಗುಂಡಿ ಇದೆ. ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿ ಬರುತ್ತದೆ, ರಾತ್ರಿ ಹೊತ್ತು ಹಳ್ಳಕ್ಕೋ ಯಾರದೋ ಹೊಲಕ್ಕೋ ಸುರಿದು ಹೋಗುತ್ತದೆ. ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಶೌಚಗುಂಡಿಯ ಹೂಳನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಆಗ ಅದೂ ಒಳಚರಂಡಿ ಇಲ್ಲದ ಸಣ್ಣ ಊರೇ ಆಗಿತ್ತು. ಗಾಡಿ ತಂದ ಹೂಳನ್ನು ಅಲ್ಲಿ ಇಳಿಸುತ್ತಾರೆ, ಒಣಗಿಸುತ್ತಾರೆ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ದೊಡ್ಡ ಯಂತ್ರಗಳಿಲ್ಲ, ಇಳಿಜಾರಿನಲ್ಲಿ ನೀರು ತಾನೇ ಹರಿಯುವಂತೆ ಕಟ್ಟಿದ್ದಾರೆ. ನಮ್ಮ ಎಂಜಿನಿಯರನ್ನೂ ವಾರ್ಡ್ ಸದಸ್ಯರನ್ನೂ ಒಮ್ಮೆ ಅಲ್ಲಿಗೆ ಕಳಿಸಿ, ನೋಡಿ ಬರಲಿ.

ಇನ್ನೊಂದು ಸಣ್ಣ ಕೆಲಸವನ್ನೂ ಹೇಳಲೇಬೇಕು. ಸಂತೆ ದಿನ ಸುತ್ತಲ ಹಳ್ಳಿಗಳಿಂದ ಸೊಪ್ಪು, ಹೂವು ಮಾರಲು ಹೆಂಗಸರು ಬರುತ್ತಾರೆ. ಬೆಳಗಿನಿಂದ ಸಂಜೆವರೆಗೆ ಅವರು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ, ಅದಕ್ಕೆ. ಶೌಚಾಲಯ ಕಟ್ಟಿದ್ದಾರೆ, ಬೀಗ ಹಾಕಿದೆ. ನೀರಿನ ಲೈನ್ ಕೊಟ್ಟಿಲ್ಲ, ತೊಳೆಯುವವರನ್ನು ಇಟ್ಟಿಲ್ಲ. ಕಟ್ಟಲು ಹಣ ಬರುತ್ತದೆ, ನಡೆಸಲು ಬರುವುದಿಲ್ಲ. ಸಂಸದರ ನಿಧಿಯ ಮಾರ್ಗಸೂಚಿಯಲ್ಲಿ ಇದಕ್ಕೊಂದು ಒಳ್ಳೆ ಷರತ್ತು ಇದೆ: ಕೆಲಸ ಮಂಜೂರು ಮಾಡುವ ಮೊದಲೇ, ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ನಿಮ್ಮ ಪಟ್ಟಿಯ ಪ್ರತಿ ಕೆಲಸಕ್ಕೂ ಆ ಷರತ್ತು ಹಾಕಿ. ಹೊಸ ಕಟ್ಟಡ ಬೇಡ, ಆ ಬೀಗ ತೆಗೆಸಿ ನೀರು ಕೊಡಿಸಿ ಸಾಕು.

ಇದೆಲ್ಲ ನನ್ನೊಬ್ಬನ ಅಭಿಪ್ರಾಯ ಎಂದು ನೀವು ಹೇಳಬಹುದು. ಸರಿ, ಹಾಗಾದರೆ ಊರನ್ನೇ ಕೇಳಿ. ಪಕ್ಕದ ಕೇರಳದ ಸಣ್ಣ ಪಟ್ಟಣಗಳಲ್ಲಿ ವಾರ್ಡ್ ಸಭೆ ಕಾನೂನಿನಲ್ಲೇ ಇದೆ, ಯಾವ ಕೆಲಸ ಮೊದಲು ಆಗಬೇಕು ಎಂದು ಅಲ್ಲಿ ಜನ ಕೂತು ಮಾತಾಡುತ್ತಾರೆ. ನಮ್ಮಲ್ಲಿ ಕಡ್ಡಾಯ ಇಲ್ಲದಿದ್ದರೂ ನೀವು ಕರೆದರೆ ಬೇಡ ಎನ್ನುವವರು ಯಾರೂ ಇಲ್ಲ. ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರ, ಮುಗಿಯುವ ದಿನಾಂಕ, ಇಷ್ಟನ್ನು ಪಟ್ಟಣ ಪಂಚಾಯಿತಿ ಗೋಡೆ ಮೇಲೆ ಬರೆಸಿ. ಖರ್ಚಿನ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ.

ಸಭೆಯನ್ನು ಕಚೇರಿ ಹೊತ್ತಿನಲ್ಲಿ ಇಡಬೇಡಿ. ಆ ಹೊತ್ತಿಗೆ ಬರುವವರು ಯಾವಾಗಲೂ ಬರುವವರೇ. ಭಾನುವಾರ ಸಂಜೆ ಸರ್ಕಾರಿ ಶಾಲೆಯ ಅಂಗಳದಲ್ಲಿ ಇಟ್ಟರೆ ಕೂಲಿಯವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪೌರಕಾರ್ಮಿಕರು ಎಲ್ಲರೂ ಬರುತ್ತಾರೆ. ದಿನಾಂಕ ತಿಳಿಸಿ. ಮನೆಮನೆಗೆ ಹೋಗಿ ಹೇಳುವ ಕೆಲಸ ನಮಗೆ ಬಿಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ