ತಾಂಬೂಲ ಹಿಂದಕ್ಕೆ ತಗೊಳ್ಳದ ಊರಿಗೆ

ಕಳೆದ ಶನಿವಾರ ರಾತ್ರಿ, ಹದಿನಾಲ್ಕು ತಿಂಗಳಾದ ಮೇಲೆ, ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮತ್ತೆ ಮುಖಕ್ಕೆ ಬಣ್ಣ ಹಚ್ಚಿದೆ. ಕುರುಕ್ಷೇತ್ರ ನಾಟಕ, ಕುಂತಿ ಪಾತ್ರ. ಎರಡು ಹಾಡು, ರಾಗವಾಗಿ ಹೇಳುವ ಎರಡು ಕಂದ ಪದ್ಯ, ಕರ್ಣನ ಜೊತೆ ಅರ್ಧ ಗಂಟೆಯ ಸೀನು. ದನಿ ಎಲ್ಲೂ ಒಡೆಯಲಿಲ್ಲ. ಬೆಳಿಗ್ಗೆ ಮನೆಗೆ ಬಂದು ಒಂದು ನಿದ್ದೆ ತೆಗೆದು ಎದ್ದವಳಿಗೆ ಮೊದಲು ಮಾಡಬೇಕು ಅನ್ನಿಸಿದ್ದು, ಹೋದ ದನಿ ಮರಳಿ ಬರಲು ಜೊತೆಗೆ ನಿಂತವರಿಗೆಲ್ಲ ಥ್ಯಾಂಕ್ಸ್ ಹೇಳುವ ಈ ಬರಹ. ಯಾರ ಹೆಸರನ್ನೂ ಬರೆಯುತ್ತಿಲ್ಲ. ನಮ್ಮ ಕಡೆ ನಾಟಕದವರನ್ನು ಪಾತ್ರದ ಹೆಸರಿನಲ್ಲೇ ಕರೆಯುವುದು ರೂಢಿ. ಓದಿದವರಿಗೆ ತಮ್ಮ ಗುರುತು ಸಿಕ್ಕೇ ಸಿಗುತ್ತದೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹಾಸನ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆ ಶುರುವಾಯಿತೆಂದರೆ ಪೌರಾಣಿಕ ನಾಟಕದ ಕಾಲ. ಗಂಡು ಪಾತ್ರವೆಲ್ಲ ಊರಿನವರದ್ದೇ. ಪಾತ್ರಕ್ಕೆ ಇಂತಿಷ್ಟು ಅಂತ ದುಡ್ಡು ಕಟ್ಟಿ ತಗೊಳ್ಳುತ್ತಾರೆ. ದುರ್ಯೋಧನ, ಕೃಷ್ಣನಿಗೆ ಬೇಡಿಕೆ ಜಾಸ್ತಿ, ಹಾಗಾಗಿ ಒಂದೇ ರಾತ್ರಿಯಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಕೊಳ್ಳುವುದೂ ಉಂಟು. ಹಾರ್ಮೋನಿಯಂ ಮೇಷ್ಟ್ರು ಊರಲ್ಲೇ ಉಳಿದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥ ಕಲಾವಿದೆಯರನ್ನು ಕರೆಸುತ್ತಾರೆ. ನಾವು ನಾಟಕದ ದಿನ ಸಂಜೆ ಬಸ್ಸಿಳಿದು, ಅಲ್ಲಿಯವರೆಗೆ ಮುಖವನ್ನೇ ನೋಡಿರದ ಕೃಷ್ಣನಿಗೆ ರುಕ್ಮಿಣಿಯಾಗಿ, ಭೀಮನಿಗೆ ದ್ರೌಪದಿಯಾಗಿ ಬೆಳಗಿನವರೆಗೆ ನಿಲ್ಲಬೇಕು. ನಾನು ಹದಿನೇಳನೇ ವಯಸ್ಸಿಗೆ ಉತ್ತರೆಯಾಗಿ ಬಂದವಳು. ಆಮೇಲೆ ಸುಭದ್ರೆ, ರುಕ್ಮಿಣಿ. ಕಡೆಯ ಹದಿನಾರು ವರ್ಷ ದ್ರೌಪದಿ. ನಡುವೆ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸೀರಿಯಲ್‌ಗಳಲ್ಲಿ ಅತ್ತೆ, ದೊಡ್ಡಮ್ಮನ ಸಣ್ಣ ಪಾತ್ರ ಮಾಡಿದ್ದೂ ಇದೆ. ಅಲ್ಲಿ ಸೆರಗಿನೊಳಗೆ ಮೈಕು ಸಿಕ್ಕಿಸಿ, "ಅಮ್ಮಾ, ಅಷ್ಟು ಜೋರು ಬೇಡ, ಕಣ್ಣಲ್ಲಿ ಹೇಳಿ" ಅನ್ನುತ್ತಿದ್ದರು. ಹಳ್ಳಿಯಲ್ಲಿ ಹಾಗಲ್ಲ. ಮೈಕು ಕೈಕೊಟ್ಟರೂ ಕಡೇ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತ ಅಜ್ಜಿಗೆ ದ್ರೌಪದಿಯ ಅಳು ಮುಟ್ಟಬೇಕು. ನಾನು ಮೂವತ್ತು ವರ್ಷ ಆ ಅಜ್ಜಿಗಾಗಿ ಕೂಗಿದವಳು.

ಹೋದ ವರ್ಷ ಜಾತ್ರೆ ಸಾಲಿನಲ್ಲಿ ಆರು ರಾತ್ರಿ ಬಿಡುವಿಲ್ಲದೆ ನಾಟಕ. ಏಳನೆಯದು ಇದೇ ಊರಿನಲ್ಲಿ. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ದ್ರೌಪದಿ ಬಿಚ್ಚಿದ ಮುಡಿ ಹಿಡಿದು ನಿಲ್ಲುವ ಸೀನು. ಹಾಡಿನ ಪಲ್ಲವಿ ಎತ್ತಿದೆ, ಬಂತು. ಅನುಪಲ್ಲವಿಯಲ್ಲಿ ಮೇಲಕ್ಕೆ ಹೋಗಬೇಕಾದ ಕಡೆ ಬಾಯಿ ತೆರೆದರೆ ಬರೀ ಗಾಳಿ. ಇನ್ನೊಂದು ಸಲ ಪ್ರಯತ್ನಪಟ್ಟೆ, ಅದೇ. ಹಾರ್ಮೋನಿಯಂ ನಡೆಯುತ್ತಲೇ ಇದೆ, ತಬಲದವರು ನನ್ನ ಕಡೆ ನೋಡುತ್ತಿದ್ದಾರೆ, ನನ್ನ ಕೈಯಲ್ಲಿ ಕೂದಲು ಹಾಗೇ ಇದೆ.

ಆ ದಿನ ಕೃಷ್ಣ ಮಾಡಿದ್ದವರು ಕೊಬ್ಬರಿ ವ್ಯಾಪಾರದವರು. ಅದೇ ಮೊದಲ ಸಲ ರಂಗಕ್ಕೆ ಹತ್ತಿದವರು. ಅವರು ಕೊಳಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದು, "ತಂಗೀ, ನಿನ್ನ ದುಃಖಕ್ಕೆ ಮಾತೇ ಹೊರಡದಾಗಿದೆ. ನಿನ್ನ ಮನಸ್ಸಿನಲ್ಲಿರುವುದು ಇದಲ್ಲವೇ?" ಎಂದವರೇ ನನ್ನ ಹಾಡನ್ನು ತಾವೇ ಹಾಡಿದರು. ಪೂರ್ತಿ ಹಾಡಿದರು. ಮೂರು ತಿಂಗಳು ತಾಲೀಮಿನಲ್ಲಿ ಮೇಷ್ಟ್ರು ಹೆಣ್ಣು ಪಾತ್ರದ ಹಾಡನ್ನು ಹೇಳಿಕೊಳ್ಳುವಾಗ ಕೇಳಿ ಕೇಳಿ ಅದು ಅವರ ಬಾಯಿಗೆ ಬಂದಿತ್ತಂತೆ. ನಾನು ಮುಡಿ ಹಿಡಿದು ನಿಂತು ಅತ್ತೆ. ಅದು ನಟನೆಯಲ್ಲ. ಜನ ಅದನ್ನು ನಾಟಕದ ಸೊಗಸು ಅಂತಲೇ ತಿಳಿದು ಒನ್ಸ್ ಮೋರ್ ಕೂಗಿದರು. ಕೃಷ್ಣಣ್ಣಾ, ದ್ರೌಪದಿಗೆ ಸೀರೆ ಕೊಟ್ಟ ಕಥೆಯನ್ನು ಸಾವಿರ ಸಲ ಹಾಡಿದ್ದೇನೆ. ಆ ರಾತ್ರಿ ನನ್ನ ಮಾನ ಉಳಿಸಿದ್ದು ನೀವು. ಮಾರನೇ ದಿನ ಕೈಮುಗಿಯೋಣ ಅಂದರೆ ನೀವು ಆಗಲೇ ತಿಪಟೂರಿನ ಮಾರ್ಕೆಟ್ಟಿಗೆ ಹೊರಟುಹೋಗಿದ್ದಿರಿ.

ಆ ಊರಿನವರು ಮುಂದಿನ ವರ್ಷದ ನಾಟಕಕ್ಕೂ ಅವತ್ತೇ ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಎರಡು ಸಾವಿರದ ಒಂದು ರೂಪಾಯಿ ಮುಂಗಡ ಕೊಟ್ಟಿದ್ದರು. ಗಂಟಲು ಹೀಗಾಯಿತಲ್ಲ ಎಂದು ಎರಡು ವಾರ ಬಿಟ್ಟು ಮಗನ ಕೈಯಲ್ಲಿ ದುಡ್ಡು ವಾಪಸ್ ಕಳಿಸಿದೆ. ಸಂಜೆ ಅವನು ಅದೇ ನೋಟುಗಳ ಜೊತೆ ತಿರುಗಿ ಬಂದ. ನಾಟಕ ಕಮಿಟಿಯ ಹಿರಿಯರು ಹೇಳಿ ಕಳಿಸಿದ್ದು ಇಷ್ಟು: "ತಾಂಬೂಲ ಹಿಂದಕ್ಕೆ ತಗೊಳ್ಳೋ ರೂಢಿ ನಮ್ಮೂರಲ್ಲಿಲ್ಲ ಅಂತ ನಿಮ್ಮವ್ವನಿಗೆ ಹೇಳಪ್ಪ."

ಆಮೇಲಿನ ಎರಡು ತಿಂಗಳು ಕಷಾಯ, ಜೇನುತುಪ್ಪ, ಜೇಷ್ಠಮಧು ಅಂತ ಕಳೆದೆ. ಕಳೆಯಬಾರದಿತ್ತು. ನನ್ನಂತೆ ಹಾಡುವ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳಿ: ಎರಡು ಮೂರು ವಾರವಾದರೂ ಗೊಗ್ಗರು ದನಿ ಹೋಗದಿದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋಗಿ. ಹಾಸನದ ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಬಿಟ್ಟು ಟಿವಿಯಲ್ಲಿ ನನ್ನ ಗಂಟಲನ್ನು ನನಗೇ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಪಟ್ಟಿ, ಬಲಗಡೆಯದರ ಅಂಚಿಗೆ ಹೆಸರುಕಾಳಿನಷ್ಟು ಗುಳ್ಳೆ. ಹೆಂಗಸರು ಸುಮ್ಮನೆ ಮಾತಾಡಿದರೂ ಆ ಪಟ್ಟಿಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವಂತೆ, ಎತ್ತರದಲ್ಲಿ ಹಾಡಿದರೆ ಇನ್ನೂ ಹೆಚ್ಚು. ನಿದ್ದೆಗೆಟ್ಟು, ನೀರು ಕುಡಿಯದೆ, ಧೂಳಿನಲ್ಲಿ ನಿಂತು ಬೆಳಗಿನತನಕ ಅವನ್ನು ಬಡಿಸಿದ್ದೆ. "ಇದು ಕ್ಯಾನ್ಸರಲ್ಲ, ಹೆದರಬೇಡಿ. ತೆಗೆಯಬಹುದು. ಆದರೆ ತೆಗೆದ ಮೇಲೆ ನೀವು ನನ್ನ ಮಾತು ಕೇಳಬೇಕು" ಅಂದರು. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿ, ರಿಪೋರ್ಟ್ ಬಂದ ದಿನ ತಾವೇ ಫೋನ್ ಮಾಡಿ ಏನೂ ಇಲ್ಲ ಎಂದು ಹೇಳಿದರು. ಆ ಫೋನಿಗೆ ನಾನು ಉತ್ತರ ಕೊಡುವ ಹಾಗಿರಲಿಲ್ಲ. ಮಾತಾಡಬಾರದು ಅಂದವರೂ ಅವರೇ. ಡಾಕ್ಟರಮ್ಮಾ, ಅವತ್ತು ಹೇಳಬೇಕಾಗಿದ್ದ ಥ್ಯಾಂಕ್ಸ್ ಇದು.

ಹತ್ತು ದಿನ ಮೌನ. ಪಿಸುಮಾತೂ ಕೂಡದು, ಪಿಸುಗುಟ್ಟಿದರೂ ಗಂಟಲಿಗೆ ಶ್ರಮ ಎಂದಿದ್ದರು. ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ ತನ್ನ ಸ್ಲೇಟು ತಂದುಕೊಟ್ಟಳು. ಮಗನಿಗೆ, ಸೊಸೆಗೆ ಅದರಲ್ಲಿ ಬರೆದು ತೋರಿಸುತ್ತಿದ್ದೆ. ಅವ್ವನಿಗೆ ಓದು ಬರದು. ಅವಳಿಗೆ ಎಪ್ಪತ್ತೆಂಟು. ಸಾರಿಗೆ ಉಪ್ಪು ಕಮ್ಮಿ ಅನ್ನುವುದನ್ನೂ, ಮೊಣಕಾಲಿಗೆ ಎಣ್ಣೆ ಹಚ್ಚಲೇ ಎನ್ನುವುದನ್ನೂ ಅವಳಿಗೆ ಕೈಯಲ್ಲಿ, ಕಣ್ಣಲ್ಲಿ ಆಡಿ ತೋರಿಸಬೇಕು. ನಾನು ನಾಟಕಕ್ಕೆ ಹೊರಟ ಹೊಸದರಲ್ಲಿ ನೆಂಟರು ಆಡಿದ ಮಾತನ್ನೆಲ್ಲ ನುಂಗಿದವಳು ಅವಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ನಾಟಕ ನೋಡಲು ಬಂದವಳಲ್ಲ. ಮೂರನೇ ದಿನ ಒಲೆ ಮುಂದೆ ಕೂತು ನನ್ನನ್ನೇ ನೋಡುತ್ತಾ, "ಚೆನ್ನಾಗಿ ಮಾಡ್ತೀಯ ಕಣೇ" ಅಂದಳು. ಪ್ರಶಸ್ತಿ ಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಈ ಮಾತಿಗೆ ಕಟ್ಟು ಹಾಕಿಸಲು ಆಗುವುದಿಲ್ಲವಲ್ಲ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ದನಿ ಹೋಯಿತು, ಇನ್ನು ಅವಳು ರಂಗಕ್ಕೆ ಬರುವುದಿಲ್ಲ ಎಂದು ಊರೂರಿಗೆ ಹೇಳಿದವರೂ ಇದ್ದರು. ಒಪ್ಪಿಕೊಂಡಿದ್ದ ನಾಟಕಗಳು ಕೈತಪ್ಪಿದವು. 2020ರಲ್ಲಿ, 2021ರಲ್ಲಿ ಕೊರೊನಾದಿಂದ ಸೀಸನ್ನೇ ಹೋದಾಗ ನಾವೆಲ್ಲ ಒಟ್ಟಿಗೆ ಕಷ್ಟಪಟ್ಟಿದ್ದೆವು. ಈ ಸಲ ಒಬ್ಬಳೇ ಎಂಬ ಭಯ. ಆದರೆ ಒಬ್ಬಳೇ ಆಗಲಿಲ್ಲ. ನನ್ನ ಬದಲು ದ್ರೌಪದಿ ಮಾಡಿದ ತಂಗಿ, ತುಮಕೂರಿನವಳು, ನಾಲ್ಕು ನಾಟಕದ ಸಂಬಳದಲ್ಲಿ ಅರ್ಧ ಅರ್ಧ ನನ್ನ ಮಗನ ಅಕೌಂಟಿಗೆ ಹಾಕಿದ್ದಾಳೆ. ಕೇಳಿದರೆ, "ಅಕ್ಕಾ, ನನ್ನ ಮಗಳ ಬಾಣಂತನದಲ್ಲಿ ನನ್ನ ರುಕ್ಮಿಣಿ ಯಾರು ಮಾಡಿದ್ದು?" ಅಂದಳು. ಮಾಡಿದ್ದು ನಿಜ, ಆದರೆ ಆ ಸಂಬಳವನ್ನು ನಾನು ಹಂಚಿರಲಿಲ್ಲ ತಂಗೀ. ಅದನ್ನು ಎಲ್ಲರ ಮುಂದೆ ಹೇಳಿಬಿಡುತ್ತೇನೆ.

ಶಕುನಿ ಪಾತ್ರದ ಹಿರಿಯರು, ರೈಲ್ವೆಯಲ್ಲಿದ್ದು ರಿಟೈರ್ ಆದವರು, ಆ ಹತ್ತು ದಿನದಲ್ಲಿ ಮೂರು ಸಲ ಬಂದು ಕೂತು, ಇಬ್ಬರ ಮಾತನ್ನೂ ತಾವೇ ಆಡಿ ಹೋಗುತ್ತಿದ್ದರು. ಅವರು ಹೇಳಿದ್ದೆಲ್ಲ ನಾಟಕದವರ ಕಥೆಯೇ. "ನಮ್ಮ ಅರಸೀಕೆರೆ ಬಾಲಣ್ಣನಿಗೆ ಕಿವಿ ಕೇಳ್ತಿರಲಿಲ್ಲ ಕಣಮ್ಮ. ಎದುರಿನವರ ತುಟಿ ನೋಡ್ಕೊಂಡು ಡೈಲಾಗ್ ಹೊಡೀತಿದ್ದರು. ಸಿನಿಮಾ ನೋಡಿದೋರಿಗೆ ಯಾವತ್ತಾದರೂ ಗೊತ್ತಾಯ್ತಾ?" ಟಿ.ಎನ್. ಬಾಲಕೃಷ್ಣ ಅವರ ವಿಷಯ ಅದು. ನಾಟಕದಿಂದ ಸಿನಿಮಾಕ್ಕೆ ಹೋಗಿ, 1995ರಲ್ಲಿ ತೀರಿಕೊಳ್ಳುವ ತನಕ ನೂರಾರು ಚಿತ್ರಗಳಲ್ಲಿ ಖಳನಾಗಿ, ಹಾಸ್ಯಗಾರನಾಗಿ, ತಂದೆಯಾಗಿ ನಟಿಸಿದವರು, ಅಭಿಮಾನ್ ಸ್ಟುಡಿಯೊ ಕಟ್ಟಿದವರು. ಇನ್ನೊಂದು ದಿನ ಆರ್. ನಾಗರತ್ನಮ್ಮನವರ ಮಾತು ತೆಗೆದರು. ಹೆಣ್ಣುಮಕ್ಕಳನ್ನೇ ಸೇರಿಸಿ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ, ಭೀಮನಾಗಿ ಗುಡುಗಿದ ತಾಯಿ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಶಕುನಿ ಮಾವಾ, ಉಪದೇಶ ಮಾಡದೆ ಕಥೆ ಹೇಳಿ ಎದ್ದುಹೋಗುತ್ತಿದ್ದಿರಿ. ನೀವು ಹೋದ ಮೇಲೆ ಆ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು.

ಆಮೇಲೆ ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಬೆಳಗಿನ ರೈಲಿಗೆ ಹಾಸನ, ಹೊಳೆನರಸೀಪುರದ ಮೇಲೆ ಹೋಗಿ ಬರುತ್ತಿದ್ದೆ. ಅಲ್ಲಿ ನನಗೆ ಕಲಿಸಿದ ಹುಡುಗಿಗೆ ನನ್ನ ಮಗನಿಗಿಂತ ಚಿಕ್ಕ ವಯಸ್ಸು. ಅರ್ಧ ಲೋಟ ನೀರಿಗೆ ಎಳನೀರು ಕುಡಿಯುವ ಕೊಳವೆ ಇಟ್ಟು, ಗುಳುಗುಳು ಅನ್ನುವ ಹಾಗೆ ಊ ಎಂದು ದನಿ ಬಿಡಬೇಕು. ಮೂವತ್ತು ವರ್ಷ ಕಂದ ಹಾಡಿದವಳು ಲೋಟದಲ್ಲಿ ಗುಳ್ಳೆ ಎಬ್ಬಿಸುತ್ತಾ ಕೂರಬೇಕಲ್ಲ ಎಂದು ಮೊದಲ ದಿನ ಕಣ್ಣೀರು ಬಂತು. ಆ ಮಗು ತಾನೂ ಒಂದು ಲೋಟ ತಂದು ಎದುರಿಗೆ ಕೂತು ನನ್ನ ಜೊತೆ ಊದಿತು. ಆರನೇ ವಾರ ಆ ಗುಳುಗುಳು ನಡುವೆ ಒಂದು ಸ್ವರ ನೆಟ್ಟಗೆ ನಿಂತಿತು. ಅವಳು ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ನಿನ್ನ ಕೈಗೆ ಮುತ್ತಿಡಬೇಕು ಮಗಳೇ.

ಇನ್ನು ಮೇಷ್ಟ್ರು. ಈ ಬರಹದಲ್ಲಿ ಅರ್ಧ ಅವರಿಗೇ ಸಲ್ಲಬೇಕು. ದನಿ ಬಂತು ಅಂತ ಓಡಿಹೋದವಳನ್ನು ಕೂರಿಸಿ, ಒಂದು ತಿಂಗಳು ಬರೀ ಮಂದ್ರದಲ್ಲಿ ಸ ಹಿಡಿಸಿದರು. ನಾನು ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದವಳು. ಅವರು ಪೆಟ್ಟಿಗೆಯಲ್ಲಿ ಅದಕ್ಕಿಂತ ತಗ್ಗಿನ ಬಿಳಿ ಮೂರಕ್ಕೆ ಬೆರಳಿಟ್ಟು, "ಇನ್ಮೇಲೆ ನಿನ್ನ ಮನೆ ಇದು" ಅಂದರು. ನಾಟಕದಲ್ಲಿ ಒಬ್ಬಳಿಗಾಗಿ ಶ್ರುತಿ ಬದಲಿಸುವುದು ಮೇಷ್ಟ್ರಿಗೆ ಎಷ್ಟು ಕಷ್ಟ ಅಂತ ಬಲ್ಲವರಿಗೆ ಗೊತ್ತು. ಹಾಡಿನಿಂದ ಹಾಡಿಗೆ ಮನೆ ಬದಲಿಸಿ ನುಡಿಸಬೇಕು, ತಬಲವೂ ಅದಕ್ಕೆ ಹೊಂದಬೇಕು. ಅವರಿಗೆ ಈಗ ಎಪ್ಪತ್ತೊಂದು. ಆಮೇಲೆ, ದ್ರೌಪದಿ ಬೇಡ, ಕುಂತಿ ಮಾಡು ಅಂದರು. ನಾನು ಒಪ್ಪಲಿಲ್ಲ. ಹದಿನಾರು ವರ್ಷದ ಪಾತ್ರ, ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಫೋನ್ ಮಾಡಿ, "ಕುಂತಿ ಕಿರುಚಲ್ಲ ಕಣಮ್ಮ. ಕರ್ಣನಿಗೆ ಮಾತ್ರ ಕೇಳಿದರೆ ಸಾಕು ಅಂತ ಮಾತಾಡ್ತಾಳೆ. ಜನ ತಾವೇ ಬಾಯಿ ಮುಚ್ಕೊಂಡು ಕೇಳ್ತಾರೆ, ನೋಡು" ಅಂದರು.

ಶನಿವಾರ ಅದನ್ನೇ ಕಂಡೆ. "ತೊಟ್ಟ ಬಾಣವನ್ನು ಮತ್ತೆ ತೊಡಬೇಡ" ಎಂದು ಮಗನ ಹತ್ತಿರ ಭಾಷೆ ಕೇಳುವಾಗ ದನಿಯನ್ನು ತಗ್ಗಿಸಿದೆ. ಕಡಲೆಪುರಿ ಮಾರುವವನ ಗಂಟೆ ಕೂಡ ನಿಂತಿತ್ತು. ದ್ರೌಪದಿ ಮಾಡಿದ ತುಮಕೂರಿನ ತಂಗಿ ಸೈಡ್ ವಿಂಗಿನಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತಿದ್ದಳು. ಪರದೆ ಬಿದ್ದ ಮೇಲೆ ಮೇಷ್ಟ್ರು ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಪಂಚೆ ಅಂಚಿನಿಂದ ಒರೆಸಿಕೊಂಡರು.

ಬಣ್ಣ ತೆಗೆಯಲು ಕೂತಾಗ ಕೃಷ್ಣಣ್ಣ ಬಂದರು. ಈ ವರ್ಷ ಅವರಿಗೆ ಪಾತ್ರವಿರಲಿಲ್ಲ, ಮುಂದಿನ ಸಾಲಿನಲ್ಲಿ ಕೂತು ನೋಡಿದ್ದಾರೆ. ಕೈಯಲ್ಲಿ ಬಾಟಲಿಯಲ್ಲಿ ಅವರದೇ ಕೊಬ್ಬರಿಯ ಎಣ್ಣೆ. "ಬಣ್ಣ ತೆಗಿಯೋಕೆ ತಗೊಳಿ" ಎಂದು ಕೊಟ್ಟರು. ಹಿಂದೆಯೇ ಕಮಿಟಿಯ ಹಿರಿಯರು ಬಂದು, ಬರುವ ವರ್ಷಕ್ಕೆ ಎಲೆ ಅಡಿಕೆ ಇಟ್ಟರು. ಎರಡೂ ಕೈ ಒಡ್ಡಿ ತಗೊಂಡೆ.