ಬೆಳಿಗ್ಗೆ ಎದ್ದು ಬರೆ

ಹಾಸನ
ಭಾನುವಾರ ಮಧ್ಯಾಹ್ನ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅದು ಬಿಟ್ಟರೆ ಬೇರೆ ಯೋಚನೆಯಿಲ್ಲ.

ನೀನು ಕಳಿಸಿದ ನೋಟ್‌ಬುಕ್ ಮಂಗಳವಾರ ಕೈಸೇರಿತು. ಒಂದು ತಿಂಗಳು, ದಿನಕ್ಕೊಂದು ಪುಟ, ಕೇಳಿದ ಸಂಗೀತದ ಬಗ್ಗೆ ಬರೆಯುತ್ತೇನೆ ಅಂತ ಶ್ರಾವಣದಲ್ಲಿ ಹಟ ಹಿಡಿದು ಕೂತವಳು ನೀನು. ಮೂವತ್ತರಲ್ಲಿ ಇಪ್ಪತ್ತಮೂರು ಪುಟ ತುಂಬಿವೆ, ಏಳು ಖಾಲಿ. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದಿದ್ದೆ, ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದ ಕೈ ಸುಮ್ಮನಿರುವುದಿಲ್ಲ. ಕೊನೆಯ ಪುಟದ ಕೊನೆಯಲ್ಲಿ ನೀನು ಕೇಳಿದ್ದೀಯ: ‘ಈಗೀಗ ಹಾಡು ಕೇಳ್ತಿರುವಾಗಲೇ ತಲೆಯಲ್ಲಿ ವಾಕ್ಯ ಹುಟ್ಟುತ್ತೆ. ವಾಕ್ಯ ಸರಿಯಾಗೋ ಹೊತ್ತಿಗೆ ಚರಣ ಮುಗಿದಿರುತ್ತೆ. ಕೇಳ್ತಿದ್ದೀನೋ ಬರೀತಿದ್ದೀನೋ ಗೊತ್ತಾಗಲ್ಲ. ನಿಲ್ಲಿಸಿಬಿಡಲಾ ದೊಡ್ಡಮ್ಮ?’

ನಿಲ್ಲಿಸಬೇಡ. ಆದರೆ ಬರೆಯುವ ಹೊತ್ತು ಬದಲಾಯಿಸು. ರಾತ್ರಿ ಕೇಳಿದ್ದನ್ನು ರಾತ್ರಿಯೇ ಬರೆಯಬೇಡ. ಮಲಗಿಬಿಡು. ಬೆಳಿಗ್ಗೆ ಎದ್ದು ಹಾಲು ಕಾಯಿಸುವಾಗ, ತಲೆ ಬಾಚಿಕೊಳ್ಳುವಾಗ, ಯಾವ ಸಂಗತಿ ತಾನಾಗಿ ನಾಲಿಗೆಗೆ ಬರುತ್ತದೋ ಅದನ್ನು ಬರೆ. ಏನೂ ಬರಲಿಲ್ಲವೋ, ಆ ದಿನದ ಪುಟ ಖಾಲಿ ಇರಲಿ. ನಿನ್ನ ಏಳು ಖಾಲಿ ಪುಟದ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬೇಸರವಾಗಿದ್ದು ಹನ್ನೆರಡನೇ ದಿನದ ಪುಟ ಓದಿ. ಪರೀಕ್ಷೆಗೆ ಓದುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಪೂರ್ತಿ ಕಛೇರಿ ‘ಕೇಳಿದೆ’ ಅಂತ ಬರೆದು, ಕೆಳಗೆ ಎಂಟು ಸಾಲು ಹೊಗಳಿದ್ದೀಯ. ಆ ಎಂಟು ಸಾಲನ್ನು ಯಾವ ಹಾಡುಗಾರರ ಹೆಸರಿನ ಕೆಳಗೆ ಅಂಟಿಸಿದರೂ ಕೂರುತ್ತದೆ.

ಇದನ್ನು ಹೇಳುವ ಹಕ್ಕು ನನಗಿದೆ, ಯಾಕೆಂದರೆ ಅದೇ ತಪ್ಪನ್ನು ನಾನು ಐದು ವರ್ಷ ಮಾಡಿದ್ದೇನೆ. 1979ರಿಂದ 1983ರವರೆಗೆ ಅರಕಲಗೂಡಿನ ಮನೆಯಲ್ಲಿ ರೇಡಿಯೋ ಕೇಳಿ ಒಂದು ರಿಜಿಸ್ಟರ್ ಬರೆಯುತ್ತಿದ್ದೆ. ಮೈಸೂರು ಆಕಾಶವಾಣಿ ಚೆನ್ನಾಗಿ ಸಿಗುತ್ತಿತ್ತು. (ಆಕಾಶವಾಣಿ ಎಂಬ ಹೆಸರೇ ಮೈಸೂರಿನದು, ಗೊತ್ತಾ? ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ಕೇಂದ್ರಕ್ಕೆ ಆ ಹೆಸರಿತ್ತು.) ನನ್ನ ರಿಜಿಸ್ಟರಿನಲ್ಲಿ ನಾಲ್ಕು ಅಂಕಣ: ತಾರೀಕು, ಹಾಡಿದವರು, ರಾಗ, ಷರಾ. ಮೊನ್ನೆ ನಿನ್ನ ನೋಟ್‌ಬುಕ್ ಓದಿದ ಮೇಲೆ ಅಟ್ಟದಿಂದ ಅದನ್ನು ಇಳಿಸಿ ನೋಡಿದೆ. ‘ಆರ್.ಕೆ. ಶ್ರೀಕಂಠನ್. ತೋಡಿ. ಚೆನ್ನಾಗಿತ್ತು.’ ಮುಂದಿನ ವಾರ ಇನ್ನೊಬ್ಬರು, ಕಲ್ಯಾಣಿ, ‘ಬಹಳ ಚೆನ್ನಾಗಿತ್ತು.’ ಪುಟಗಟ್ಟಲೆ ಹೀಗೇ. ನಮ್ಮ ತಾಲ್ಲೂಕಿನ ರುದ್ರಪಟ್ಟಣದಲ್ಲಿ ಹುಟ್ಟಿದ ಶ್ರೀಕಂಠನ್, ಒಂದಕ್ಷರ ಕರಗದ ಹಾಗೆ ಸಾಹಿತ್ಯ ಹೇಳುತ್ತಿದ್ದವರು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ಅವರು ಹಾಡುವಾಗ ನಾನು ಮನೆಯಲ್ಲಿ ರೇಡಿಯೋ ಮುಂದೆ ಕೂತಿದ್ದೆ, ಕೈಯಲ್ಲಿ ಪೆನ್ನಿತ್ತು, ಬರೆದದ್ದು ‘ಚೆನ್ನಾಗಿತ್ತು.’ ಈಗ ಆ ಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಒಂದು ಸ್ವರ ಕೇಳಿಸುವುದಿಲ್ಲ ಮಗು.

ಇಡೀ ರಿಜಿಸ್ಟರಿನಲ್ಲಿ ಕೇಳಿಸುವುದು ಒಂದೇ ಒಂದು ಸಾಲು. ಅಲ್ಲಿ ಹಾಡಿದವರ ಹೆಸರಿಲ್ಲ, ರಾಗದ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಷರಾ ಹೀಗಿದೆ: ‘ಕರೆಂಟ್ ಹೋಯಿತು. ಅನುಪಲ್ಲವಿ ಅರ್ಧ. ಅಮ್ಮ ಹಿಟ್ಟು ಕಲಸುತ್ತ ಉಳಿದದ್ದನ್ನು ಹಾಡಿ ಮುಗಿಸಿದಳು. ಶ್ರುತಿ ಕೆಳಗೆ.’ ನಿನ್ನಜ್ಜಿ ಯಾರ ಹತ್ತಿರವೂ ಪಾಠಕ್ಕೆ ಕೂತವಳಲ್ಲ. ರೇಡಿಯೋ ಕೇಳಿಯೇ ಕಲಿತದ್ದು. ಗಂಡಸರ ಶ್ರುತಿಯಲ್ಲಿ ನಡೆಯುತ್ತಿದ್ದ ಹಾಡನ್ನು ಅವಳು ಇನ್ನೂ ಕೆಳಗಿಳಿಸಿ, ಗಂಟಲೊಳಗೇ ಹಾಡಿದಳು, ಕತ್ತಲಲ್ಲಿ. ಆ ನಾಲ್ಕು ಮಾತು ಬರೆಯದೇ ಇದ್ದಿದ್ದರೆ ಆ ಸಂಜೆಯೂ ಉಳಿದ ಐದು ವರ್ಷದ ಜೊತೆ ಹೋಗಿಬಿಡುತ್ತಿತ್ತು.

ಈಗ ನಿನ್ನ ಪುಟಗಳಿಗೆ ಬರುತ್ತೇನೆ. ಅರಸೀಕೆರೆ ಮದುವೆಯ ಪುಟಕ್ಕೆ ನನ್ನ ಪೆನ್ಸಿಲ್ ಸೋಕಿಲ್ಲ. ಓಲಗದವರ ಬಗ್ಗೆ ಯಾರೂ ಬರೆಯುವುದಿಲ್ಲ, ಮದುವೆಮನೆಯಲ್ಲಿ ಅವರನ್ನು ಕೇಳುವವರೂ ಕಡಿಮೆ. ನೀನು ಕೇಳಿದ್ದೀಯ. ನಾಗಸ್ವರದವರು ಮೋಹನ ನುಡಿಸುತ್ತಿದ್ದರು, ತಾರಸ್ಥಾಯಿಯ ಗಾಂಧಾರದ ಹತ್ತಿರ ಸುಳಿಯುತ್ತಿದ್ದಾಗ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಅಂದರು. ಆ ಕ್ಷಣವೇ ರಾಗ ಬಿಟ್ಟು, ಡೋಲು ನಾಗಸ್ವರ ಎರಡೂ ಒಟ್ಟಿಗೆ ಭೋರ್ಗರೆದವು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಬೇಡದ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತಲೇ ಆ ಅಬ್ಬರ. ಅಕ್ಷತೆ ಬಿತ್ತು, ಜನ ಎದ್ದರು, ಮೊದಲ ಪಂಕ್ತಿಗೆ ಓಡಿದರು. ಆಮೇಲೆ ನೀನು ಬರೆದಿದ್ದು: ‘ಖಾಲಿ ಕುರ್ಚಿಗಳ ಮುಂದೆ ಅವರು ಮತ್ತೆ ಅದೇ ಗಾಂಧಾರಕ್ಕೆ ಹೋದರು. ಬಿಟ್ಟ ಕಡೆಯಿಂದ ಹಿಡಿದು, ನಿಧಾನವಾಗಿ ಷಡ್ಜಕ್ಕೆ ಇಳಿಸಿ, ಕೊಳವೆ ಒರೆಸಿ ಇಟ್ಟರು.’ ಇದನ್ನು ಓದಿ ನಾನು ಎದ್ದು ಹೋಗಿ ನಿನ್ನ ದೊಡ್ಡಪ್ಪನಿಗೆ ಓದಿ ಹೇಳಿದೆ. ಇಲ್ಲಿ ‘ಅದ್ಭುತ’ ಎಂಬ ಪದವಿಲ್ಲ. ಮೊದಲ ವಾರದ ಏಳು ಪುಟದಲ್ಲಿ ಅದು ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಅಲ್ಲೆಲ್ಲ ಅಡ್ಡಗೆರೆ ಎಳೆದಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ.

ಒಂಬತ್ತನೇ ದಿನದ ಪುಟದಲ್ಲಿ ಒಂದು ತಪ್ಪಿದೆ. ನಮ್ಮ ಕರ್ನಾಟಕ ಸಂಗೀತದ ಹಿಂದೋಳ ರಾಗವೂ ಹಿಂದುಸ್ತಾನಿಯವರ ಹಿಂದೋಲವೂ ಒಂದೇ ಅಂತ ಬರೆದಿದ್ದೀಯ. ಹಾಗಲ್ಲ. ನಮ್ಮ ಹಿಂದೋಳದ ಸ್ವರಗಳನ್ನು ಅವರು ಹಾಡುವುದು ಮಾಲಕೌಂಸದಲ್ಲಿ. ಅವರ ಹಿಂದೋಲದ ಮಧ್ಯಮ ತೀವ್ರ, ಅಂದರೆ ಒಂದು ಮೆಟ್ಟಿಲು ಮೇಲಿನದು, ನಮ್ಮ ಪ್ರತಿಮಧ್ಯಮ. ಗಾಂಧಾರ, ಧೈವತ, ನಿಷಾದಗಳೂ ನಮ್ಮ ಹಿಂದೋಳದವಲ್ಲ. ಭೂಪಾಳದ್ದೂ ಇದೇ ಕತೆ: ಅವರ ಭೂಪಾಲಿ ನಮ್ಮ ಮೋಹನಕ್ಕೆ ಹತ್ತಿರ, ನಮ್ಮ ಭೂಪಾಳ ಬೇರೆಯೇ, ಬೆಳಗಿನ ಜಾವದ ರಾಗ. ನೀನು ಯಾಕೆ ತಪ್ಪಿದೆ ಅಂತ ನನಗೆ ಅರ್ಥವಾಗುತ್ತದೆ. ಎರಡೂ ಹಿಂದೋಳಗಳಲ್ಲಿ ರಿಷಭವಿಲ್ಲ, ಪಂಚಮವಿಲ್ಲ. ಕಾಗದದ ಮೇಲೆ ಎರಡೂ ‘ಸ ಗ ಮ ದ ನಿ ಸ’. ಅಕ್ಷರ ನೋಡಿ ಬರೆದರೆ ಯಾರಾದರೂ ತಪ್ಪುತ್ತಾರೆ. ನಾಲ್ಕು ವರ್ಷ ಪಾಠ ಹೇಳಿಸಿಕೊಂಡಿದ್ದೀಯ, ಶ್ರುತಿಪೆಟ್ಟಿಗೆ ಇಟ್ಟುಕೊಂಡು ಎರಡನ್ನೂ ಒಂದಾದ ಮೇಲೊಂದು ಹಾಡು. ಗಾಂಧಾರಕ್ಕೆ ಹೋಗುವ ಹೊತ್ತಿಗೇ ಕತ್ತಲೆ ಬೆಳಕಿನಷ್ಟು ವ್ಯತ್ಯಾಸ ಗೊತ್ತಾಗುತ್ತದೆ. ಆ ಪುಟವನ್ನು ಹರಿಯಬೇಡ, ತಪ್ಪನ್ನು ಹೊಡೆದೂ ಹಾಕಬೇಡ. ಪಕ್ಕದಲ್ಲಿ ತಾರೀಕು ಹಾಕಿ, ಹಾಡಿ ನೋಡಿದ ಮೇಲೆ ಏನು ಗೊತ್ತಾಯಿತು ಅಂತ ಬರೆ. ನಿನ್ನ ಕಿವಿ ಬೆಳೆದದ್ದು ಆ ಅಂಚಿನಲ್ಲಿ ಕಾಣಲಿ.

ಬೇಲೂರಿನ ಪುಟ ಚಿಕ್ಕದಾದರೂ ಚೆನ್ನ. ಮದನಿಕೆಯ ಕಾಲ ಬಳಿ ನಿಂತ ಪುಟ್ಟ ಮದ್ದಳೆಗಾರರನ್ನು ಗಮನಿಸಿ, ಇವರು ಯಾವ ತಾಳ ಹಾಕುತ್ತಿರಬಹುದು ಅಂತ ಕೇಳಿದ್ದೀಯ. ಎಲ್ಲರೂ ಮದನಿಕೆಯ ಮುಖ ನೋಡಿ ಬರುತ್ತಾರೆ.

ಗಣಪತಿ ಪೆಂಡಾಲಿನ ಕಛೇರಿಯ ಪುಟದಲ್ಲಿ ಮಾತ್ರ ನೀನು ಒಳ್ಳೆಯ ವಿಷಯವೊಂದನ್ನು ಕೈಚೆಲ್ಲಿದ್ದೀಯ. ‘ಪಿಟೀಲು ಹಿಂದಿನವರಿಗೆ ಕೇಳಿಸಲೇ ಇಲ್ಲ, ಮೈಕ್ ಸರಿಯಿರಲಿಲ್ಲ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಕೇಳಿಸಲಿಲ್ಲ ಎಂಬುದು ಸಣ್ಣ ಮಾತಲ್ಲ. ಮೈಕ್ ಇಲ್ಲದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೆ ಪಿಟೀಲು ಮುಟ್ಟುತ್ತಿಲ್ಲ ಅಂತಲೇ ನಮ್ಮ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು. ಕೇಳಿಸದ ಒಂದು ಸಾಲು ಜನರಿಗಾಗಿ ಒಬ್ಬರು ತಮ್ಮ ವಾದ್ಯವನ್ನೇ ಬದಲಾಯಿಸಿದರು. ಆ ರಾತ್ರಿ ಹಿಂದಿನ ಸಾಲಿನವರು ಏನು ಮಾಡಿದರು? ಮುಂದೆ ಬಂದು ಕೂತರಾ, ಎದ್ದು ಹೋದರಾ? ಪಿಟೀಲಿನವರಿಗೆ ಅದು ಗೊತ್ತಾಯಿತಾ, ಬಿಲ್ಲು ಒತ್ತಿ ಹಿಡಿದರಾ? ನೀನು ಅಲ್ಲೇ ಇದ್ದೆಯಲ್ಲ.

ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಪುಸ್ತಕವನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ, ಜೋಪಾನ, ಹಾಳೆ ಮುರುಕಲಾಗಿದೆ. ಆಚಾರ್ಯರು 1865ರಲ್ಲಿ ಹುಟ್ಟಿ 1961ರವರೆಗೆ ಬದುಕಿದ್ದವರು. ಸಾಹಿತ್ಯ ಸಂಗೀತ ಎರಡನ್ನೂ ತಾವೇ ಕಟ್ಟುತ್ತಿದ್ದ ಅವರೇ ಅಷ್ಟು ದೊಡ್ಡ ವಾಗ್ಗೇಯಕಾರರು, ಆದರೂ ತಾವು ಕೇಳಿದ ಬೇರೆಯವರ ಬಗ್ಗೆ ಕೂತು ಬರೆದರು. ಧ್ವನಿಮುದ್ರಣ ಇಲ್ಲದ, ಇದ್ದರೂ ಅಪರೂಪವಾಗಿದ್ದ ಕಾಲದ ವಿದ್ವಾಂಸರು ನನಗೆ ನಿನಗೆ ಸಿಗುವುದು ಅಂಥ ಪುಟಗಳಲ್ಲೇ. ನಿನ್ನ ಫೋನಿನಲ್ಲಿ ಎಲ್ಲರ ಹಾಡೂ ಸಿಗುತ್ತದೆ, ಹಾಗಾದರೆ ಬರೆಯುವುದೇಕೆ ಅಂತ ಒಂದು ಪುಟದಲ್ಲಿ ಕೇಳಿದ್ದೀಯ. ಆ ಓಲಗದವರು ಖಾಲಿ ಕುರ್ಚಿಗೆ ನುಡಿಸಿದ್ದು ಯಾವ ಫೋನಿನಲ್ಲಿದೆ ಹೇಳು? ಇಪ್ಪತ್ತಮೂರರಲ್ಲಿ ಇಪ್ಪತ್ತು ಪುಟ ಇಯರ್‌ಫೋನಿನಲ್ಲಿ ಕೇಳಿದ್ದು, ಮೂರು ಮಾತ್ರ ಎದ್ದು ಹೊರಗೆ ಹೋದಾಗಿನವು. ನಾನು ಮತ್ತೆ ಮತ್ತೆ ಓದಿದ್ದು ಆ ಮೂರನ್ನು. ಮುಂದಿನ ತಿಂಗಳು ದಿನಕ್ಕೊಂದು ಎಂಬ ಲೆಕ್ಕ ಬಿಡು. ವಾರಕ್ಕೊಂದು ಸಾಕು, ಒಂದೇ ಕೃತಿಯನ್ನು ವಾರವೆಲ್ಲ ಕೇಳಿದರೂ ಸರಿ. ತಿಂಗಳಿಗೆ ಒಂದಾದರೂ ಎದುರಿಗೆ ಕೂತು ಕೇಳಿದ್ದಿರಲಿ. ಊರ ಭಜನೆಯಾದರೂ ಆದೀತು.

ದಸರಾ ರಜಕ್ಕೆ ಅಮ್ಮನನ್ನು ಕರೆದುಕೊಂಡು ಬಾ. ಅರಕಲಗೂಡಿನ ಬಸ್ ಹಿಡಿದು ರುದ್ರಪಟ್ಟಣಕ್ಕೆ ಹೋಗಿಬರೋಣ. ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತೆಗಳ ಮಂದಿರವಿದೆ, ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ಕಟ್ಟಿಸಿದ್ದು. ಒಳಗೆ ಕೂತು ಒಂದು ಸರಳೆ ಹಾಡು, ನಾನು ಕೇಳುತ್ತೇನೆ. ಸಂಜೆ ಕಾವೇರಿ ದಡದಲ್ಲಿ ಕೂರೋಣ. ನೋಟ್‌ಬುಕ್ ತರುವುದೇನೂ ಬೇಡ.

ಇನ್ನೊಂದು ಕೆಲಸ ನಿನ್ನಿಂದ ಆಗಬೇಕು. ಕರೆಂಟ್ ಹೋದ ಆ ಸಂಜೆ ನಿನ್ನಮ್ಮನೂ ಮನೆಯಲ್ಲಿದ್ದಳು, ಆಗ ಆರನೇ ಕ್ಲಾಸು, ಅಡುಗೆಮನೆ ಬಾಗಿಲಲ್ಲಿ ಚಿಮಣಿ ದೀಪ ಹಿಡಿದು ನಿಂತಿದ್ದಳು. ಅಜ್ಜಿ ಹಾಡಿ ಮುಗಿಸಿದ್ದು ಯಾವ ಹಾಡು ಅಂತ ನನ್ನ ರಿಜಿಸ್ಟರಿನಲ್ಲಿಲ್ಲ. ಕೆಳಗಿನ ಷಡ್ಜದಲ್ಲಿ ನಿಲ್ಲಿಸಿದ್ದು ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ. ಅವಳನ್ನು ಕೇಳು. ರಾತ್ರಿ ಊಟವಾದ ಮೇಲೆ ಕೇಳು, ಆಗ ಅವಳಿಗೆ ಹಳೆಯದು ನೆನಪಾಗುತ್ತದೆ. ಗುನುಗಿದರೆ ನಡುವೆ ಮಾತಾಡಬೇಡ. ಬೆಳಿಗ್ಗೆ ಎದ್ದು ಬರೆದು ನನಗೆ ಕಳಿಸು.

ನಿನ್ನ ಪ್ರೀತಿಯ
ದೊಡ್ಡಮ್ಮ